ಮೇಲೆ ಥಳುಕು, ಕೆಳಗೆ ಹುಳುಕು

ಏಪ್ರಿಲ್ ಬಂತು, ಕೆರೆಗಳ ಮೇಲಿನ ಐಸ್ ಕರಗ್ತು ಅಂದ್ರೆ ಸಾಕು, ಈ ಮಿಶಿಗನ್ ಸೀಮೆಯಲ್ಲಿ ಹಳೇ ಮೋಟಾರು ಬೋಟು ಇಟ್ಕೊಂಡಿರೋ ನಮ್ಮ ಕನ್ನಡದ ಮಂದಿಯೆಲ್ಲ ಒಂದೇ ಪ್ರಶ್ನೆ ಕೇಳೋಕೆ ಶುರು ಮಾಡ್ತಾರೆ. "ಬೋಟಿನ ನೆಲ ಹಾಳಾಗಿದೆ ಕಣ್ರೀ. ಕಾರ್ಪೆಟ್ ಹಾಕಿಸ್ಲಾ, ವಿನೈಲ್ ಹಾಕಿಸ್ಲಾ, ಇಲ್ಲಾ ತೇಗದ ಹಲಗೆ ಥರ ಕಾಣುತ್ತಲ್ಲ, ಆ ಫೋಮ್ ಶೀಟ್ ಹಾಕಿಸ್ಲಾ?"

ಮೂರೂ ಬೇಡ, ಮೊದಲು ಇರೋದನ್ನ ಕಿತ್ತು ಕೆಳಗೆ ಏನಿದೆ ನೋಡಿ ಅಂತೀನಿ ನಾನು. ಮುಖ ಸಪ್ಪೆ ಆಗುತ್ತೆ. ಅವರಿಗೆ ಬೇಕಾಗಿದ್ದು ಬಣ್ಣದ ಬಗ್ಗೆ ಒಂದು ಅಭಿಪ್ರಾಯ, ನಾನು ಕೊಟ್ಟಿದ್ದು ಎರಡು ತಿಂಗಳ ಕೆಲಸ!

ಕನ್ನಡ ಬ್ಲಾಗಿನಲ್ಲಿ ಬೋಟಿನ ನೆಲದ ಬಗ್ಗೆ ಬರೀತಾನಲ್ಲ, ಇವನಿಗೇನು ಬೇರೆ ಕೆಲಸ ಇಲ್ವಾ ಅಂತ ನಗಬೇಡಿ. ನಾವೆಲ್ಲ ಇಲ್ಲಿ ಕತೆ, ಕವನ, ನೆನಪು, ಪ್ರವಾಸ ಅಂತ ಬರೀತಾ ಇರೋ ಹೊತ್ತಿಗೇ ನಮ್ಮಲ್ಲಿ ಎಷ್ಟೋ ಜನ ಇಪ್ಪತ್ತು-ಮೂವತ್ತು ವರ್ಷ ಹಳೇ ಬೋಟನ್ನ ಅಗ್ಗಕ್ಕೆ ಸಿಕ್ತು ಅಂತ ತಂದು ಗರಾಜಿನ ಮುಂದೆ ನಿಲ್ಲಿಸಿದಾರೆ. ಅದರಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಗಂಟೆಗೆ ಮೂವತ್ತು ಮೈಲಿ ವೇಗದಲ್ಲಿ ನೀರಿನ ಮೇಲೆ ಹೋಗ್ತಾರೆ. ಆ ಮಕ್ಕಳು ಕೂತಿರೋ ಸೀಟಿನ ಬೋಲ್ಟು ಹೋಗಿ ಕಚ್ಕೊಂಡಿರೋದು ಇದೇ ನೆಲಕ್ಕೆ. ಇಷ್ಟು ಸಾಕಲ್ಲ, ಬರೆಯೋಕೆ ಕಾರಣ?

ಒಂದು ತಮಾಷೆ ನೋಡಿ. ಬೋಟು ಕಟ್ಟೋರ ಹಳೇ ಭಾಷೆಯಲ್ಲಿ 'ಫ್ಲೋರ್' ಅಂದ್ರೆ ನಾವು ನಿಂತ್ಕೊಳ್ಳೋ ಜಾಗ ಅಲ್ಲವೇ ಅಲ್ಲ. ತಳದಲ್ಲಿ ಅಡ್ಡಡ್ಡಲಾಗಿ ಕೂರಿಸಿ ಎರಡೂ ಪಕ್ಕವನ್ನ ಬಿಗಿಯಾಗಿ ಹಿಡಿಯೋ ತೊಲೆಗೆ ಅವರು ಫ್ಲೋರ್ ಅಂತಾರೆ. ನಾವು ಕಾಲಿಡೋ ಹಲಗೆಗೆ ಅವರ ಹೆಸರು 'ಸೋಲ್', ಅಂದ್ರೆ ಚಪ್ಪಲಿಯ ಅಟ್ಟೆಗೆ ಹೇಳ್ತೀವಲ್ಲ, ಅದೇ ಮಾತು. ನಾವು ಮಾತ್ರ ಅಟ್ಟೆಯ ಮೇಲೆ ಹಾಸಿರೋ ಬಟ್ಟೆಗೆ ನೆಲ ಅಂತ ಹೆಸರಿಟ್ಟು, ಅದರ ಕ್ಯಾಟಲಾಗ್ ತಿರುವ್ತಾ ಕೂತಿದೀವಿ.

ಎಂಬತ್ತು-ತೊಂಬತ್ತರ ದಶಕದ ಹದಿನೆಂಟು ಅಡಿಯ ಒಂದು ಸಾಮಾನ್ಯ ಬೋಟನ್ನ ಕತ್ತರಿಸಿ ನೋಡಿದ್ರೆ ಏನು ಕಾಣುತ್ತೆ ಹೇಳ್ತೀನಿ. ಹೊರಗಿನ ಮೈ ಫೈಬರ್‌ಗ್ಲಾಸ್. ಅದರ ಒಳಗೆ ಉದ್ದಕ್ಕೆ ಎರಡೋ ನಾಲ್ಕೋ ಮರದ ತೊಲೆ, ಮೇಲೊಂದು ಪದರ ಫೈಬರ್‌ಗ್ಲಾಸ್ ಹೊದಿಸಿರ್ತಾರೆ. ಇವಕ್ಕೆ ಸ್ಟ್ರಿಂಗರ್ ಅಂತಾರೆ. ಅಲೆಯ ಹೊಡೆತಕ್ಕೆ ತಳ ಬಾಗದ ಹಾಗೆ ಹಿಡಿಯೋದು ಇವೇ. ಇದರ ಮೇಲೆ ಅರ್ಧ ಇಂಚಿನ ಪ್ಲೈವುಡ್. ಆ ಪ್ಲೈವುಡ್ಡಿನ ಅಂಚನ್ನ ಫೈಬರ್‌ಗ್ಲಾಸ್ ಪಟ್ಟಿಯಿಂದ ಬೋಟಿನ ಪಕ್ಕಕ್ಕೆ ಅಂಟಿಸಿರ್ತಾರೆ. ಅಲ್ಲಿಗೆ ಅದು ಬರೀ ಕಾಲಿಡೋ ಹಲಗೆ ಅಲ್ಲ. ಸ್ಟ್ರಿಂಗರ್, ಪಕ್ಕ, ತಳ ಎಲ್ಲ ಸೇರಿ ಒಂದು ಪೆಟ್ಟಿಗೆ ಆಯ್ತು, ಇದು ಅದರ ಮುಚ್ಚಳ. ಮುಚ್ಚಳ ಇಲ್ಲದ ರಟ್ಟಿನ ಪೆಟ್ಟಿಗೆಯನ್ನ ಕೈಯಲ್ಲಿ ಹಿಡಿದು ತಿರುಚಿ ನೋಡಿ, ಗೊತ್ತಾಗುತ್ತೆ.

ಪೆಟ್ಟಿಗೆಯ ಒಳಗೆ ಹಳದಿ ಬಣ್ಣದ ಫೋಮ್ ತುಂಬಿಸಿರ್ತಾರೆ. ಇದು ಅಲಂಕಾರಕ್ಕಲ್ಲ. ಇಪ್ಪತ್ತು ಅಡಿಗಿಂತ ಚಿಕ್ಕ ಮೋಟಾರು ಬೋಟಿಗೆ ನೀರು ತುಂಬಿದ್ರೂ ಅದು ಪೂರ್ತಿ ಮುಳುಗದ ಹಾಗೆ ತಯಾರಕರೇ ಏರ್ಪಾಟು ಮಾಡಬೇಕು ಅಂತ 1970ರ ದಶಕದಿಂದ ಇಲ್ಲಿನ ಕೋಸ್ಟ್ ಗಾರ್ಡ್ ನಿಯಮ ಇದೆ. ಒಂದು ಘನ ಅಡಿ ನೀರಿನ ತೂಕ 62.4 ಪೌಂಡ್, ಅಷ್ಟೇ ಫೋಮಿನ ತೂಕ ಎರಡು ಪೌಂಡ್. ಅಂದ್ರೆ ಒಂದೊಂದು ಘನ ಅಡಿ ಫೋಮೂ ಸುಮಾರು 60 ಪೌಂಡ್ ಭಾರವನ್ನ ನೀರಿನ ಮೇಲೆ ಎತ್ತಿ ಹಿಡಿಯುತ್ತೆ. ಆದ್ರೆ ಅದೇ ಫೋಮು ವರ್ಷಗಟ್ಟಲೆ ನೀರಲ್ಲಿ ಕೂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಮತ್ತೆ ಕರಗಿ, ಕೊನೆಗೆ ನೀರು ಕುಡಿಯೋಕೆ ಶುರು ಮಾಡುತ್ತೆ. ಹತ್ತು ಘನ ಅಡಿ ಫೋಮು ಅರ್ಧದಷ್ಟು ನೀರು ಕುಡಿದ್ರೆ 300 ಪೌಂಡ್ ದಾಟಿತು. ಟಿಕೆಟ್ ಇಲ್ಲದ ಇಬ್ಬರು ದಪ್ಪ ಪ್ರಯಾಣಿಕರು ಸದಾ ನೆಲದ ಕೆಳಗೆ ಮಲಗಿರ್ತಾರೆ ಅಂತಿಟ್ಕೊಳ್ಳಿ. ಮೊದಲಿನ ಹಾಗೆ ವೇಗ ಬರ್ತಿಲ್ಲ, ಎಂಜಿನ್ ಟ್ಯೂನ್ ಮಾಡಿಸ್ಬೇಕು ಅಂತ ಓಡಾಡೋರು ಮೊದಲು ಬೋಟನ್ನ ಟ್ರೇಲರ್ ಸಮೇತ ತೂಕದ ಕಟ್ಟೆಗೆ ಒಯ್ದು ನೋಡೋದು ಒಳ್ಳೇದು.

ಮರ ಯಾಕೆ ಕೊಳೆಯುತ್ತೆ ಅನ್ನೋದರ ಬಗ್ಗೆ ಇರೋಷ್ಟು ಮೂಢನಂಬಿಕೆ ರಾಹುಕಾಲದ ಬಗ್ಗೆಯೂ ಇಲ್ಲ. ಕೆರೆ ನೀರು ಕೆಳಗಿಂದ ಬಂದು ಕೊಳೆಸುತ್ತೆ ಅಂತಾರೆ. ಬಹಳಷ್ಟು ಬೋಟುಗಳಲ್ಲಿ ಶತ್ರು ಬರೋದು ಮೇಲಿಂದ, ಅದೂ ಮಳೆ ನೀರಿನ ವೇಷದಲ್ಲಿ. ಮರ ತಿನ್ನೋದು ಶಿಲೀಂಧ್ರ, ಅಂದ್ರೆ ನಮ್ಮ ಬೂಷ್ಟಿನ ಬಂಧು. ಅದಕ್ಕೆ ತೇವ ಬೇಕು, ಗಾಳಿ ಬೇಕು, ಸ್ವಲ್ಪ ಬೆಚ್ಚಗಿರ್ಬೇಕು. ಮರದ ತೇವಾಂಶ ಶೇಕಡಾ 20ರ ಕೆಳಗಿದ್ರೆ ಅದು ಬೆಳೆಯಲ್ಲ. 30ರ ಆಸುಪಾಸಿಗೆ ಬಂತು ಅಂದ್ರೆ ಹಬ್ಬ. ಪೂರ್ತಿ ನೀರಲ್ಲಿ ಮುಳುಗಿರೋ ಮರಕ್ಕೆ ಗಾಳಿಯೇ ಸಿಗಲ್ಲ, ಹಾಗಾಗಿ ಈ ಜಾತಿಯ ಕೊಳೆತ ಅಲ್ಲಿ ನಡೆಯಲ್ಲ. ಉಪ್ಪು ನೀರೂ ಇದಕ್ಕೆ ಅಷ್ಟಾಗಿ ಒಗ್ಗಲ್ಲ. ನಮ್ಮ ಲೇಕ್ ಸೇಂಟ್ ಕ್ಲೇರ್ ಥರದ ಸಿಹಿನೀರಿನ ಜಾಗದಲ್ಲಿ, ಹೊದಿಕೆ ಇಲ್ಲದೆ ಮಳೆಗೆ ನಿಂತ ಬೋಟಿನ ಒಳಗೆ, ಒದ್ದೆ ಕಾರ್ಪೆಟ್ಟಿನ ಕೆಳಗೆ, ಅರ್ಧ ಒಣಗಿ ಅರ್ಧ ನೆನೆದು ಬೆಚ್ಚಗೆ ಕೂತಿರೋ ಪ್ಲೈವುಡ್ ಇದೆಯಲ್ಲ, ಅದು ಶಿಲೀಂಧ್ರಕ್ಕೆ ಮಾಡಿಸಿಟ್ಟ ಚಪ್ಪರ.

ಆ ನೀರು ಒಳಗೆ ಹೋಗೋ ಬಾಗಿಲು ಯಾವುದು? ಸ್ಕ್ರೂ ಹೊಡೆದ ತೂತು. ಸೀಟಿಗೆ ಎಂಟು, ಇನ್ನೊಂದು ಸೀಟಿಗೆ ಎಂಟು, ಕಾರ್ಪೆಟ್ ಗುಂಡಿಗೆ ಇಪ್ಪತ್ತು, ಕಪ್ ಹೋಲ್ಡರಿಗೆ ನಾಲ್ಕು... ಪ್ಲೈವುಡ್ಡಿಗೆ ಮೇಲ್ಗಡೆ ಅಷ್ಟಿಷ್ಟು ರೆಸಿನ್ ಬಳಿದು, ಕೆಳಗಿನ ಮೈಯನ್ನ ಬೋಳಾಗೇ ಬಿಟ್ಟ ಹಳೇ ಬೋಟುಗಳು ಬೇಕಾದಷ್ಟಿವೆ. ಮೇಲಿನ ತೂತಿಂದ ನೀರು ಇಳೀತು, ಕೆಳಗಿನ ಬೋಳು ಮೈಯಿಂದ ಆವಿ ಹತ್ತಿತು, ಮಧ್ಯೆ ಸಿಕ್ಕಿದ ಮರ ಲಡ್ಡಾಯ್ತು.

ಮರ ಅನ್ನೋದೇ ಅಪರಾಧಿ ಅಲ್ಲ ಅನ್ನೋದಕ್ಕೆ ಸಾಕ್ಷಿ ಇಲ್ಲೇ ನಮ್ಮ ಪಕ್ಕದಲ್ಲೇ ಇದೆ. ಇದೇ ಕೆರೆಗೆ ಬಂದು ಸೇರೋ ಸೇಂಟ್ ಕ್ಲೇರ್ ನದಿಯ ದಂಡೆಯ ಅಲ್ಗೋನ್ಯಾಕ್ ಊರಲ್ಲಿ ಕ್ರಿಸ್-ಕ್ರಾಫ್ಟ್‌ನೋರು ಮಹಾಗನಿ ಬೋಟು ಕಟ್ತಿದ್ರು. ಎಂಬತ್ತು ವರ್ಷ ದಾಟಿದ ಬೋಟುಗಳು ಇವತ್ತಿಗೂ ಬೇಸಿಗೆಯ ಪ್ರದರ್ಶನಗಳಲ್ಲಿ ಕಾಣಿಸ್ತವೆ. ಅವುಗಳಲ್ಲೂ ಹಲಗೆ ಕೊಳೆತಿದೆ, ಬದಲಾಯಿಸಿದಾರೆ. ಆದ್ರೆ ಅಲ್ಲಿ ಕೊಳೆತ ಹಲಗೆ ಕಣ್ಣಿಗೆ ಕಾಣುತ್ತೆ, ಒಂದನ್ನ ಬಿಚ್ಚಿ ಇನ್ನೊಂದನ್ನ ಕೂರಿಸಬಹುದು. ನಮ್ಮ ಬೋಟುಗಳಲ್ಲಿ ಅದನ್ನ ಫೋಮ್, ಪ್ಲೈವುಡ್, ಗೋಂದು, ಕಾರ್ಪೆಟ್ ಅಂತ ನಾಲ್ಕು ಕಂಬಳಿ ಹೊದಿಸಿ ಮಲಗಿಸಿದಾರೆ. ಜ್ವರ ಬಂದಿದೆಯೋ ಇಲ್ವೋ ಮುಟ್ಟಿ ನೋಡೋದು ಹೇಗೆ?

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರ್ತೀನಿ. ಬೋಟ್ ಮೇಕೋವರ್ ಅಂತ ವಿಡಿಯೋಗಳು ಬರ್ತವೆ, ನೀವೂ ನೋಡಿರ್ತೀರಿ. ಮಾಸಿದ ಕಾರ್ಪೆಟ್ ಕಿತ್ತು, ಗೋಂದು ಕೆರೆದು, ವ್ಯಾಕ್ಯೂಮ್ ಹಾಕಿ, ತೇಗದ ಗೆರೆ ಇರೋ ಫೋಮ್ ಅಂಟಿಸಿ, ಕೊನೆಗೆ ಡ್ರೋನ್ ಹಾರಿಸಿ ಸಂಗೀತ ಹಾಕ್ತಾರೆ. ಹತ್ತು ನಿಮಿಷದ ವಿಡಿಯೋದಲ್ಲಿ ನೆಲವನ್ನ ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಿದ ಹತ್ತು ಸೆಕೆಂಡು ಇರಲ್ಲ. ಗಟ್ಟಿ ಪ್ಲೈವುಡ್ ಟಣ್ ಅನ್ನುತ್ತೆ, ಕೊಳೆತದ್ದು ಧಪ್ ಅನ್ನುತ್ತೆ. ಇದಕ್ಕೆ ಡಿಗ್ರಿ ಬೇಡ, ಹಲಸಿನ ಹಣ್ಣು ತಟ್ಟಿ ನೋಡಿದ ಅನುಭವ ಸಾಕು.

ಹೊಸ ಹಾಸು ಹಾಕಿದ ಹಳೇ ಬೋಟು ಮಾರಾಟಕ್ಕೆ ಬಂದಿದೆ ಅಂದ್ರೆ ನನಗೆ ಮೊದಲು ಅನುಮಾನವೇ ಬರೋದು. ಎಲ್ಲರೂ ಮೋಸಗಾರರು ಅಂತಲ್ಲ. ಆದ್ರೆ ಯಾಕೆ ಹಾಕಿದ್ರು, ಹಾಕೋ ಮುಂಚೆ ತೆಗೆದ ಫೋಟೋ ಇದೆಯಾ ಅಂತ ಕೇಳಿ. ಕೆಲಸ ಸರಿಯಾಗಿ ಮಾಡಿದವನ ಹತ್ರ ನೂರು ಫೋಟೋ ಇರುತ್ತೆ, ಬೇಡ ಅಂದ್ರೂ ತೋರಿಸ್ತಾನೆ. ಇಲ್ಲದವನು ಎಂಜಿನ್ ಶಬ್ದ ಕೇಳಿಸೋಕೆ ಕರ್ಕೊಂಡು ಹೋಗ್ತಾನೆ.

ಅಂಗಡಿಗಳದ್ದು ಇನ್ನೊಂದು ಬಗೆ. ನನ್ನ ಬೋಟಿನ ನೆಲ ಹೋಗಿದೆ ಅಂತ ಗೊತ್ತಿದ್ದೇ, ಅದಕ್ಕೆ ತಕ್ಕ ಬೆಲೆಗೆ ತಗೊಂಡಿದ್ದೆ. ರೇಟು ಕೇಳೋಣ ಅಂತ ಹತ್ತಿರದ ಒಂದು ಅಂಗಡಿಗೆ ಹೋದ್ರೆ (ಹೆಸರು ಬೇಡ) ಅಲ್ಲಿನವರು ನೆಲದ ಮೇಲೆ ಎರಡು ಹೆಜ್ಜೆ ಇಟ್ಟು, ಇದನ್ನ ಕೀಳೋದು ಯಾಕೆ ಸುಮ್ಮನೆ, ಇದರ ಮೇಲೇ ಇನ್ನೊಂದು ಅರ್ಧ ಇಂಚಿನ ಪ್ಲೈವುಡ್ ಸ್ಕ್ರೂ ಹೊಡೆದು ಕಾರ್ಪೆಟ್ ಅಂಟಿಸಿಬಿಡ್ತೀವಿ, ಮೂರು ದಿನದ ಕೆಲಸ ಅಂದ್ರು. ಲಡ್ಡು ಹಿಡಿದ ಮರಕ್ಕೆ ಸ್ಕ್ರೂ ಹೊಡೆದ್ರೆ ಅದು ಕಚ್ಚೋದು ಏನನ್ನ? ಉಪ್ಪಿಟ್ಟಿಗೆ ಮೊಳೆ ಹೊಡೆದ ಹಾಗೆ! ಮೇಲಾಗಿ ಕೆಳಗಿನ ನೀರು, ಕೊಳೆತ ಎರಡಕ್ಕೂ ಹೊಸದೊಂದು ಮುಚ್ಚಳ ಹಾಕಿ ಕೊಟ್ಟಂತಾಯ್ತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಾತ್‌ರೂಮಿನ ಸೋರಿಕೆಗೆ ವಾಟರ್‌ಪ್ರೂಫಿಂಗ್ ಮಾಡಿಸದೆ ಹಳೇ ಟೈಲಿನ ಮೇಲೆ ಹೊಸ ಟೈಲು ಕೂರಿಸ್ತಾರಲ್ಲ, ಇದು ಅದೇ ವಿದ್ಯೆ. ಅಲ್ಲಿ ಕೆಳಗಿನ ಮನೆಯವರ ಸೀಲಿಂಗ್ ತೊಟ್ಟಿಕ್ಕುತ್ತೆ. ಇಲ್ಲಿ ಕೆಳಗಿನ ಮನೆ ಕೆರೆ.

ಅಂಗಡಿಯ ಮಾತು ಬಿಟ್ಟು ನಾನೇ ಕಿತ್ತೆ. ಕೀಳೋರಿಗೆ ಎರಡು ಮಾತು. ಗರಗಸದ ಆಳವನ್ನ ಪ್ಲೈವುಡ್ಡಿನ ದಪ್ಪಕ್ಕೆ ಸರಿಯಾಗಿ ಕಟ್ಟಿ, ಯಾಕಂದ್ರೆ ಎಷ್ಟೋ ಬೋಟುಗಳಲ್ಲಿ ಪೆಟ್ರೋಲ್ ಟ್ಯಾಂಕು ಇರೋದೇ ನೆಲದ ಕೆಳಗೆ. ಪೆಟ್ರೋಲಿನ ವಾಸನೆ ಇದ್ದ ಕಡೆ ಮೋಟಾರು ಗರಗಸ ಚಾಲೂ ಮಾಡೋದು ಅಂದ್ರೆ ಏನು ಅಂತ ವಿವರಿಸಬೇಕಿಲ್ಲ. ಎರಡನೇದು, ಎಲ್ಲಾ ಸ್ಟ್ರಿಂಗರುಗಳನ್ನ ಒಟ್ಟಿಗೇ ತೆಗೀಬೇಡಿ. ಕೆಳಗಿಂದ ಸರಿಯಾಗಿ ಆನಿಸಿರದಿದ್ರೆ ತಳ ತನ್ನ ಆಕಾರವನ್ನೇ ಕಳ್ಕೊಳ್ಳುತ್ತೆ, ಆಮೇಲೆ ಅದು ಎಂದೂ ನೆಟ್ಟಗೆ ಓಡಲ್ಲ.

ಹೊಸ ನೆಲಕ್ಕೆ ಏನು? ಇಲ್ಲಿ ಮೂರು ಪಂಥ ಇವೆ, ಮೂರರ ಜೊತೆಗೂ ನನಗೆ ಜಗಳ.

ಮೊದಲನೇದು ಪ್ರೆಷರ್ ಟ್ರೀಟೆಡ್ ಪಂಥ. ಔಷಧಿ ಕುಡಿಸಿದ ಪ್ಲೈವುಡ್ ತಂದು ಹಾಕಿ, ಗ್ಲಾಸೂ ಬೇಡ ಗೀಸೂ ಬೇಡ, ಕೊಳೆಯೋದೇ ಇಲ್ಲ ಅಂತಾರೆ. ಔಷಧಿ ಕೆಲಸ ಮಾಡುತ್ತೆ, ಅದನ್ನ ಅಲ್ಲಗಳೆಯಲ್ಲ. ಆದ್ರೆ ಅಂಗಡಿಯಲ್ಲಿ ಆ ಹಲಗೆ ಒದ್ದೆಯಾಗೇ ಇರುತ್ತೆ. ಒಣಗಿಸದೆ ರೆಸಿನ್ ಬಳಿದ್ರೆ ಅದು ಸಿಪ್ಪೆ ಥರ ಏಳುತ್ತೆ. ಅವಸರದಲ್ಲಿ ಒಣಗಿಸಿದ್ರೆ ಸೊಟ್ಟಗಾಗುತ್ತೆ. ಅಲ್ಯೂಮಿನಿಯಂ ಬೋಟು ಇರೋರಂತೂ ಇದರ ಹತ್ರ ಸುಳೀಲೇಬಾರದು. ಮೊದಲು ಮರಕ್ಕೆ ಕುಡಿಸ್ತಿದ್ದ ಆರ್ಸೆನಿಕ್ ಇರೋ ಔಷಧಿಯನ್ನ 2003ರ ಕೊನೆಗೆ ಇಲ್ಲಿ ಮನೆ ಬಳಕೆಯ ಮರಕ್ಕೆ ನಿಲ್ಲಿಸಿದ್ರು. ಅದರ ಜಾಗಕ್ಕೆ ಬಂದದ್ದರಲ್ಲಿ ತಾಮ್ರದ ಅಂಶ ಜಾಸ್ತಿ. ತಾಮ್ರ, ಅಲ್ಯೂಮಿನಿಯಂ, ನಡುವೆ ಒಂಚೂರು ನೀರು: ಹೈಸ್ಕೂಲಿನ ಬ್ಯಾಟರಿ ಪ್ರಯೋಗ ನೆನಪಿದೆಯಲ್ಲ? ಅದರಲ್ಲಿ ಕರಗಿ ಹೋಗೋದು ಅಲ್ಯೂಮಿನಿಯಂ, ಅಂದ್ರೆ ನಿಮ್ಮ ಬೋಟು.

ಎರಡನೇದು 'ಮರೀನ್' ಅನ್ನೋ ಮುದ್ರೆ ನೋಡಿ ಕೈಮುಗಿಯೋ ಪಂಥ. ಬೆಂಗಳೂರಲ್ಲಿ ಅಡುಗೆಮನೆ ಮಾಡಿಸಿದ ಯಾರನ್ನಾದ್ರೂ ಕೇಳಿ, "ಮರೀನ್ ಪ್ಲೈ ಹಾಕ್ತೀವಿ ಸಾರ್, ನೀರು ಬಿದ್ರೂ ಏನೂ ಆಗಲ್ಲ" ಅನ್ನೋ ಮಾತು ಕೇಳಿರ್ತಾರೆ. ಅಲ್ಲಿನ ಮರೀನ್ ಪ್ಲೈಗೆ ಐಎಸ್ 710 ಅನ್ನೋ ಮಾನದಂಡ ಇದೆ, ಅದರಲ್ಲಿ ಮರಕ್ಕೆ ಕೊಳೆಯದ ಹಾಗೆ ಔಷಧಿ ಹಾಕೋ ನಿಯಮ ಇದೆ. ಅದೇ ನಂಬಿಕೆ ಇಟ್ಕೊಂಡು ಇಲ್ಲಿ ಅಂಗಡಿಗೆ ಹೋಗ್ಬೇಡಿ. ಇಲ್ಲಿ ಸಿಗೋ ಬಿಎಸ್ 1088 ಮುದ್ರೆಯ ಒಕುಮೆ ಪ್ಲೈ ಆಗಲಿ, ಡಗ್ಲಸ್ ಫರ್ ಮರೀನ್ ಪ್ಲೈ ಆಗಲಿ, ಸಾಮಾನ್ಯವಾಗಿ ಔಷಧಿ ಕಂಡಿರಲ್ಲ. ಮರೀನ್ ಅಂದ್ರೆ ಪದರಗಳು ಒಳ್ಳೇವು, ಒಳಗೆ ಪೊಳ್ಳು ಇಲ್ಲ, ಗೋಂದು ನೀರಿಗೆ ಬಿಡಲ್ಲ ಅಂತ ಅಷ್ಟೇ. ಗೋಂದು ಬಿಡದಿದ್ರೇನು, ಮರ ಕೊಳೀಬಹುದಲ್ಲ! ಒಕುಮೆಯಂತೂ ಹಗುರ, ಚಂದ, ಕೊಳೆಯೋದರಲ್ಲೂ ಚುರುಕು. ಅದನ್ನ ಮರೀನ್ ಅಂತ ಬೋಳಾಗಿ ಹಾಕಿ ಕಾರ್ಪೆಟ್ ಹೊದಿಸಿದವರ ದುಡ್ಡು ನೀರಿಗೆ ಹೋಯ್ತು, ಅಕ್ಷರಶಃ.

ಮೂರನೇದು 'ಮರವೇ ಬೇಡ' ಪಂಥ. ಇವರ ದೇವರು ಕೂಸಾ ಬೋರ್ಡ್, ಅಂದ್ರೆ ಪಾಲಿಯುರೆಥೇನ್ ಫೋಮಿನೊಳಗೆ ಗಾಜಿನ ನಾರು ಸೇರಿಸಿದ ಹಲಗೆ. ಕೊಳೆಯಲ್ಲ, ನಿಜ. ಒಳ್ಳೇ ಸರಕು, ನಿಜ. ನಾಲ್ಕಡಿ-ಎಂಟಡಿಯ ಅರ್ಧ ಇಂಚಿನ ಫರ್ ಪ್ಲೈವುಡ್ ಹಾಳೆ ಸುಮಾರು 48 ಪೌಂಡ್ ಇದ್ರೆ, ಘನ ಅಡಿಗೆ 26 ಪೌಂಡ್ ಸಾಂದ್ರತೆಯ ಕೂಸಾ 35 ಪೌಂಡ್ ಆಗುತ್ತೆ. ಬೆಲೆ ಹಲವು ಪಟ್ಟು. ನನ್ನ ಬೋಟಿನ ನೆಲಕ್ಕೆ ಬೇಕಾಗೋದು ಎರಡು ಹಾಳೆ. ಅಂದ್ರೆ ಅಷ್ಟು ದುಡ್ಡು ಸುರಿದು ನಾನು ಉಳಿಸೋ ತೂಕ, ಸೋಡಾ ತುಂಬಿದ ಒಂದು ಐಸ್ ಡಬ್ಬಿಯಷ್ಟೂ ಇಲ್ಲ. ಮೇಲಾಗಿ ಅದಕ್ಕೂ ಎರಡೂ ಕಡೆ ಫೈಬರ್‌ಗ್ಲಾಸ್ ಹೊದಿಸಲೇಬೇಕು, ಇಲ್ಲದಿದ್ರೆ ಬಾಗುತ್ತೆ. ಪ್ಲೈವುಡ್ಡಿನಷ್ಟು ಸ್ಕ್ರೂ ಹಿಡಿಯಲ್ಲ. ಸೀಟು ಕೂರೋ ಜಾಗದಲ್ಲಿ ಕೆಳಗೊಂದು ಲೋಹದ ತಗಡು ಕೊಡ್ಬೇಕು. ವರ್ಷಪೂರ್ತಿ ನೀರಲ್ಲೇ ನಿಲ್ಲೋ ದೊಡ್ಡ ಬೋಟಿಗೆ, ಇನ್ನೂ ಇಪ್ಪತ್ತೈದು ವರ್ಷ ಇಟ್ಕೋತೀನಿ ಅನ್ನೋರಿಗೆ ಹಾಕ್ಲಿ, ಬೇಡ ಅನ್ನಲ್ಲ. ಟ್ರೇಲರಿನ ಮೇಲೆ ಮುಸುಕು ಹಾಕಿ ನಿಲ್ಲಿಸೋ ಹದಿನೆಂಟು ಅಡಿಯ ಬೋಟಿಗೆ ಇದನ್ನೇ ಹಾಕ್ಬೇಕು, ಇಲ್ಲದಿದ್ರೆ ನೀವು ಅನಾಗರಿಕರು ಅಂತ ಬೈಯೋರ ಮೇಲೆ ನನ್ನ ತಕರಾರು.

ಬಿಳೀ ಪ್ಲಾಸ್ಟಿಕ್ ಹಲಗೆ ಬರುತ್ತಲ್ಲ, ಎಚ್‌ಡಿಪಿಇ, ಅದನ್ನ ನೆಲಕ್ಕೆ ಹಾಕ್ತೀನಿ ಅನ್ನೋರೂ ಇದಾರೆ. ಅದಕ್ಕೆ ರೆಸಿನ್ ಅಂಟಲ್ಲ, ಗೋಂದು ಅಂಟಲ್ಲ, ಬಿಸಿಲಿಗೆ ಹಿಗ್ಗುತ್ತೆ, ಭಾರಕ್ಕೆ ಬಾಗುತ್ತೆ, ಅರ್ಧ ಇಂಚಿನ ಹಾಳೆಯೇ 80 ಪೌಂಡ್ ತೂಗುತ್ತೆ. ಅದರಲ್ಲಿ ಮೀನು ಕೊಯ್ಯೋ ಮಣೆ ಮಾಡ್ಕೊಳ್ಳಿ.

ನಾನು ಹಾಕಿದ್ದು ಡಗ್ಲಸ್ ಫರ್ ಪ್ಲೈವುಡ್, ಔಷಧಿ ಇಲ್ಲದ್ದು, ಗರಾಜಿನಲ್ಲಿ ವಾರಗಟ್ಟಲೆ ಒಣಗಿಸಿದ್ದು. ಗುಟ್ಟು ಇರೋದು ಹಲಗೆಯಲ್ಲಿ ಅಲ್ಲ, ಅದರ ಆರೂ ಮೈಗೆ ಎಪಾಕ್ಸಿ ಬಳಿಯೋದರಲ್ಲಿ. ಮೇಲೆ, ಕೆಳಗೆ, ಮತ್ತೆ ನಾಲ್ಕು ಅಂಚು. ಅಂಚು ಇನ್ನೂ ಮುಖ್ಯ, ಸ್ಟ್ರಾ ಹಾಕಿ ಕುಡಿದ ಹಾಗೆ ನೀರು ಕುಡಿಯೋದು ಅಲ್ಲಿಂದಲೇ. ಅಲ್ಲಿ ಎಪಾಕ್ಸಿ ಹೀರ್ಕೊಳ್ಳೋಷ್ಟು ಹೀರಿ ಸಾಕು ಅನ್ನೋವರೆಗೂ ಬಳೀತಾ ಹೋಗ್ಬೇಕು. ಮೇಲ್ಮೈಗೆ ಗಾಜಿನ ಬಟ್ಟೆ, ಅಂಚಿಗೆ ಪಟ್ಟಿ. ಸ್ಕ್ರೂ ಬರೋ ಕಡೆಯಲ್ಲೆಲ್ಲ ಮೊದಲು ದೊಡ್ಡ ತೂತು ಕೊರೆದು, ಅದನ್ನ ಗಟ್ಟಿ ಎಪಾಕ್ಸಿಯಿಂದ ತುಂಬಿ, ಒಣಗಿದ ಮೇಲೆ ಅದರ ನಡುವೆ ಚಿಕ್ಕ ತೂತು. ಆಗ ಸ್ಕ್ರೂ ಮರವನ್ನ ಮುಟ್ಟೋದೇ ಇಲ್ಲ, ನೀರೂ ಮುಟ್ಟಲ್ಲ. ಬೇಜಾರಿನ ಕೆಲಸ, ಒಂದೊಂದು ತೂತಿಗೂ ಎರಡು ದಿನ. ವಿಡಿಯೋದಲ್ಲಿ ಇದನ್ನ ಯಾರೂ ತೋರಿಸಲ್ಲ, ಯಾಕಂದ್ರೆ ನೋಡೋಕೆ ಏನೂ ಇಲ್ಲ :)

ಪಾಲಿಯೆಸ್ಟರ್ ರೆಸಿನ್ ಅಗ್ಗ ಅಲ್ವಾ ಅಂತೀರಿ. ಅಗ್ಗ ಹೌದು, ಕಂಪನಿಯವರೂ ಅದನ್ನೇ ಹಾಕಿರೋದು, ಚೆನ್ನಾಗಿ ಮಾಡಿದ್ರೆ ಬಾಳಿಕೆಯೂ ಬರುತ್ತೆ. ಆದ್ರೆ ಮರಕ್ಕೆ ಕಚ್ಚೋದರಲ್ಲಿ, ನೀರನ್ನ ತಡೆಯೋದರಲ್ಲಿ ಎಪಾಕ್ಸಿ ಮುಂದೆ. ಒಂದು ಎಚ್ಚರ: ಕತ್ತರಿಸಿದ ಗಾಜಿನ ಎಳೆಗಳ ಮ್ಯಾಟ್ ಪಾಲಿಯೆಸ್ಟರಿಗೆ ಅಂತಲೇ ಮಾಡಿದ್ದು, ಅದರ ಅಂಟು ಎಪಾಕ್ಸಿಯಲ್ಲಿ ಕರಗಲ್ಲ, ಎಪಾಕ್ಸಿಗೆ ನೇಯ್ದ ಅಥವಾ ಹೊಲಿದ ಬಟ್ಟೆ ತಗೊಳ್ಳಿ. ಕೈಗವಸು ಹಾಕದೆ ಎಪಾಕ್ಸಿ ಮುಟ್ಟಬೇಡಿ, ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದ್ರೆ ಅದು ಜೀವಮಾನದ ಗೆಳೆಯ.

ಇಷ್ಟೆಲ್ಲಾ ಆದಮೇಲೆ ಹಾಸಿನ ಮಾತು. ನನ್ನ ನಿಯಮ ಒಂದೇ: ಎತ್ತಿ ನೋಡೋಕಾಗದ ಹಾಸು ಬೋಟಿಗೆ ಬೇಡ.

ಗೋಂದು ಹಾಕಿ ಅಂಟಿಸಿದ ಕಾರ್ಪೆಟ್ಟನ್ನ ಯಾವ ಪುಣ್ಯಾತ್ಮ ಕಂಡುಹಿಡಿದನೋ. ಅದರ ಎಳೆ ಪ್ಲಾಸ್ಟಿಕ್ಕು, ಕೊಳೆಯಲ್ಲ ಅಂತ ಮಾರ್ತಾರೆ. ಅದು ಕೊಳೆಯಲ್ಲ ಸ್ವಾಮಿ, ಕೆಳಗಿರೋದನ್ನ ಕೊಳೆಸುತ್ತೆ! ಭಾನುವಾರ ಒದ್ದೆ ಆದದ್ದು ಬುಧವಾರಕ್ಕೂ ಒಣಗಿರಲ್ಲ. ಕಾರ್ಪೆಟ್ ಇಲ್ಲದೆ ಆಗಲ್ಲ ಅನ್ನೋರು ಗುಂಡಿ ಹಾಕಿ ಬಿಚ್ಚೋ ಥರದ್ದು ತಗೊಂಡು, ದಡಕ್ಕೆ ಬಂದ ಕೂಡಲೇ ಬಿಚ್ಚಿ ಬೇಲಿಗೆ ಒಣಹಾಕಿ. ನೇಯ್ದ ವಿನೈಲ್ ವಾಸಿ, ಬೇಗ ಒಣಗುತ್ತೆ, ತೊಳೆಯೋದು ಸುಲಭ. ಆದ್ರೆ ಅದನ್ನೂ ಗೋಂದು ಹಾಕಿ ಅಂಟಿಸೋದೇ ರೂಢಿ.

ಇನ್ನು ಆ ತೇಗದ ವೇಷದ ಇವಿಎ ಫೋಮ್. ಕಾಲಿಗೆ ಹಿತ, ಜಾರಲ್ಲ, ನಿಜ. ಗಾಢ ಬಣ್ಣದ್ದಾದ್ರೆ ಜುಲೈ ಬಿಸಿಲಲ್ಲಿ ದೋಸೆ ಹೆಂಚು. ಸನ್‌ಸ್ಕ್ರೀನ್ ಬಿದ್ರೆ ಕಲೆ, ಮೀನಿನ ಗಾಳ ಬಿದ್ರೆ ಹರಿತ. ಕಿತ್ತು ನೋಡೋಣ ಅಂದ್ರೆ ಹಿಂದಿನ ಅಂಟು ಬಿಡಲ್ಲ, ಚೂರುಚೂರಾಗಿ ಬರುತ್ತೆ. ಇದರ ಬಗ್ಗೆ ನನಗೆ ಇನ್ನೊಂದು ಖಾಸಗಿ ಬೇಸರ ಇದೆ. ಇಂಗ್ಲಿಷಿನ 'ಟೀಕ್' ಅನ್ನೋ ಪದ ಮಲಯಾಳದ ತೇಕ್ಕಿನಿಂದ ಪೋರ್ಚುಗೀಸರ ಬಾಯಿಗೆ ಬಿದ್ದು ಅಲ್ಲಿಂದ ಬಂದದ್ದು. ನಮ್ಮ ತೇಗ ಅದರ ಒಡಹುಟ್ಟು. ಮಲಬಾರಿನ ತೇಗದಲ್ಲಿ ಮುಂಬೈಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಎಚ್‌ಎಂಎಸ್ ಟ್ರಿಂಕೋಮಲೀ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲ್ತಾ ಇದೆ. ಎಣ್ಣೆ ಅಂಶ ಇರೋ ಮರ, ನೀರಿಗೂ ಹುಳಕ್ಕೂ ಬಗ್ಗಲ್ಲ, ಅದಕ್ಕೇ ಜಗತ್ತಿನ ಹಡಗು ಕಟ್ಟೋರೆಲ್ಲ ಅದರ ಹಿಂದೆ ಬಿದ್ದಿದ್ದು. ಅಂಥ ಮರದ ಗೆರೆಯನ್ನ ಮಾತ್ರ ಕದ್ದು, ಕಾಲಿಂಚು ಫೋಮಿನ ಮೇಲೆ ಕೊರೆದು, ಕೊಳೆತ ಪ್ಲೈವುಡ್ ಮುಚ್ಚೋಕೆ ಅಂಟಿಸ್ತಾರೆ ಅಂದ್ರೆ ಹೊಟ್ಟೆ ಉರಿಯಲ್ವಾ?

ನನ್ನದು ಬರೀ ಪೇಂಟು. ತಿಳಿ ಬೂದು ಬಣ್ಣ, ಜಾರದ ಹಾಗೆ ಸಣ್ಣ ಹರಳು ಬೆರೆಸಿದ್ದು. ಎಪಾಕ್ಸಿಗೆ ಬಿಸಿಲು ಆಗಿಬರಲ್ಲ, ಆ ಪೇಂಟೇ ಅದಕ್ಕೆ ಕೊಡೆ. ಎಲ್ಲಾದ್ರೂ ಬಿರುಕು ಬಿಟ್ರೆ ಅದೇ ದಿನ ಕಣ್ಣಿಗೆ ಬೀಳುತ್ತೆ. ಮಕ್ಕಳು ಮಂಡಿಯೂರಿ ಕೂರೋ ಜಾಗಕ್ಕೆ ಎರಡು ಬಿಡಿ ರಬ್ಬರ್ ಮ್ಯಾಟು, ಸಂಜೆ ಎತ್ತಿ ಕೊಡವಿ ಇಡೋದು. ನೋಡಿದವರು ಲಾರಿ ಥರ ಇದೆಯಲ್ಲ ಅಂತಾರೆ. ಅನ್ಲಿ. ಸೇಂಟ್ ಕ್ಲೇರ್ ಕೆರೆ ಸರಾಸರಿ ಹನ್ನೊಂದು ಅಡಿ ಆಳ ಅಷ್ಟೇ. ಗಾಳಿ ಎದ್ದರೆ ಗಿಡ್ಡ ಗಿಡ್ಡ ಅಲೆ ಒಂದರ ಹಿಂದೊಂದು ಬಂದು ತಳಕ್ಕೆ ಗುದ್ದುತ್ತೆ. ಆ ಹೊತ್ತಲ್ಲಿ ಲಾರಿ ಥರ ಇರೋದೇ ಬೇಕು.

ಇಷ್ಟು ದುಡ್ಡು ಹಾಕೋಕೆ ಆ ಬೋಟಿಗೇ ಅಷ್ಟು ಬೆಲೆ ಇಲ್ವಲ್ಲ ಅನ್ನೋ ಪ್ರಶ್ನೆ ನ್ಯಾಯವಾದದ್ದು. ಕೂಲಿ ಕೊಟ್ಟು ಮಾಡಿಸಿದ್ರೆ ಎಷ್ಟೋ ಸಲ ಬೋಟಿನ ಬೆಲೆಯನ್ನೇ ಮೀರುತ್ತೆ. ಸ್ಟ್ರಿಂಗರ್, ಹಿಂದೆ ಎಂಜಿನ್ ಹಿಡಿಯೋ ಟ್ರಾನ್ಸಮ್, ನೆಲ ಮೂರೂ ಹೋಗಿದ್ರೆ, ನಿಮ್ಮ ಕೈಯಲ್ಲಿ ಮಾಡೋಕೆ ಬಿಡುವೂ ಇಲ್ಲದಿದ್ರೆ, ಎಂಜಿನ್ನು, ಟ್ರೇಲರು ಮಾರಿ, ಮೈಯನ್ನ ಗುಜರಿಗೆ ಹಾಕಿ. ಅದರಲ್ಲಿ ನಾಚಿಕೆ ಏನಿಲ್ಲ. ಹೊಸ ಹಾಸು ಹಾಕಿ ಇನ್ನೊಬ್ಬರ ತಲೆಗೆ ಕಟ್ಟೋದರಲ್ಲಿ ಇದೆ.

ಕೊನೆಗೊಂದು ಕೋರಿಕೆ. ಮಲ್ಪೆ, ಗಂಗೊಳ್ಳಿ, ತದಡಿ ಕಡೆಯ ಬ್ಲಾಗಿಗರು ಯಾರಾದ್ರೂ ಇದನ್ನ ಓದ್ತಾ ಇದ್ರೆ, ನಿಮ್ಮಲ್ಲಿ ಹಳೇ ಮರದ ದೋಣಿಗಳ ಒಳಮೈಗೆ ಏನು ಬಳೀತಿದ್ರು, ಎಷ್ಟು ತಿಂಗಳಿಗೊಮ್ಮೆ, ಕಾಲಿಡೋ ಹಲಗೆಗಳನ್ನ ಬಿಚ್ಚೋ ಹಾಗೆ ಇಡ್ತಿದ್ರಾ ಇಲ್ಲಾ ಮೊಳೆ ಹೊಡೆದು ಕೂರಿಸ್ತಿದ್ರಾ ಅಂತ ಮನೆಯ ಹಿರಿಯರನ್ನ ಕೇಳಿ ಬರೀರಿ. ಆ ಹಲಗೆಗಳಿಗೆ ಅಲ್ಲಿ ಏನು ಹೆಸರು ಅನ್ನೋದನ್ನೂ ಬರೀರಿ. ನನಗೆ ಇಲ್ಲಿಯವರೆಗೆ ಸಿಕ್ಕಿರೋ ಹೆಸರುಗಳೆಲ್ಲ ಇಂಗ್ಲಿಷಿನವು.